ಸತ್ತವರೆಲ್ಲ ನಕ್ಷತ್ರವೇ ಆಗಬೇಕಾ?

ಮಕ್ಕಳ ಚಿತ್ರಪುಸ್ತಕದಲ್ಲಿ ಅಜ್ಜ ತೀರಿಕೊಂಡರೆ ಕೊನೇ ಪುಟಕ್ಕೆ ಒಂದು ನಕ್ಷತ್ರ ಗ್ಯಾರಂಟಿ. ಮಗು ಕಿಟಕಿಯಿಂದ ನೋಡುತ್ತದೆ, ನಕ್ಷತ್ರ ಮಿನುಗುತ್ತದೆ, ಪುಸ್ತಕ ಮುಗಿಯುತ್ತದೆ. ಯಾರ ಅಜ್ಜ, ಯಾವ ಊರು, ಅವರ ಮನೆಯಲ್ಲಿ ಸತ್ತವರಿಗೆ ಏನೇನು ಮಾಡುತ್ತಾರೆ, ಒಂದೂ ಇಲ್ಲ. ನನಗೆ ಈ ನಕ್ಷತ್ರದ ಮೇಲೆ ಸಿಟ್ಟಿದೆ.

ಸಾವಿಗೂ ನಕ್ಷತ್ರಕ್ಕೂ ನಿಜವಾಗಿ ನಂಟು ಇಟ್ಟುಕೊಂಡ ಜನ ಇದ್ದಾರೆ. ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ, ಆರ್ನ್‌ಹೆಮ್ ಲ್ಯಾಂಡಿನಲ್ಲಿರುವ ಯೋಲಂಗು ಜನ. ಪೂರ್ವಕ್ಕೆ, ಸಮುದ್ರದಾಚೆ, ಬರಾಲ್ಕು ಅನ್ನುವ ದ್ವೀಪವಿದೆ, ಸತ್ತವರು ಹೋಗುವುದು ಅಲ್ಲಿಗೆ ಅಂತ ಅವರ ನಂಬಿಕೆ. ದಾರಿ ತೋರಿಸುವುದು ಬನುಂಬಿರ್, ಅಂದರೆ ನಮ್ಮ ಬೆಳಗಿನ ಜಾವದ ಬೆಳ್ಳಿಚುಕ್ಕಿ, ಶುಕ್ರ ಗ್ರಹ. ಅದು ಎಲ್ಲೋ ಹೊರಟುಹೋದೀತು ಅಂತ ದ್ವೀಪದ ಆತ್ಮಗಳು ಅದಕ್ಕೆ ಉದ್ದನೆ ದಾರ ಕಟ್ಟಿರುತ್ತವೆ. ಬೆಳಗಾದ ಕೂಡಲೇ ಎಳೆದು ಚೀಲಕ್ಕೆ ಹಾಕಿಡುತ್ತವೆ. ಬೆಳ್ಳಿ ಯಾಕೆ ನಡುರಾತ್ರಿ ನೆತ್ತಿಯ ಮೇಲೆ ಕಾಣುವುದಿಲ್ಲ, ಯಾಕೆ ಸೂರ್ಯನ ಆಸುಪಾಸಿನಲ್ಲೇ ಇರುತ್ತದೆ ಅಂತ ಕೇಳುವ ಮಗುವಿಗೆ ಇದಕ್ಕಿಂತ ಚೆಂದದ ಉತ್ತರ ನನಗಂತೂ ಗೊತ್ತಿಲ್ಲ.

ಕಥೆ ಕೇಳಿದ ತಕ್ಷಣ ಇದನ್ನೊಂದು ಚಿತ್ರಪುಸ್ತಕ ಮಾಡಬೇಕು ಅನಿಸುತ್ತದೆ, ಅಲ್ವಾ? ಸ್ವಲ್ಪ ತಾಳಿ.

1988ರಲ್ಲಿ ಆಸ್ಟ್ರೇಲಿಯಾ, ಬಿಳಿಯರು ಬಂದು ನೆಲೆಸಿ 200 ವರ್ಷ ಆಯಿತು ಅಂತ ಒಂದು ಹೊಸ 10 ಡಾಲರ್ ನೋಟು ತಂದಿತು. ಅದರ ಮೇಲೆ ಬೆಳ್ಳಿಚುಕ್ಕಿಯ ಕಂಬದ ಚಿತ್ರ. ಕುಲದ ದೊಡ್ಡವರು ತೀರಿಕೊಂಡಾಗ ನಡೆಯುವ ಆಚರಣೆಗೆ ಬೇಕಾದ ಕಂಬ ಅದು. ಮಾಡಿದವರು ಯೋಲಂಗು ಕಲಾವಿದ ಟೆರಿ ಯುಂಬುಲುಲ್. ಕಂಬ ಮಾಡುವ ಅಧಿಕಾರ ಅವರಿಗಿತ್ತು. ಆದರೆ ನೋಟಿನ ಮೇಲೆ ಹಾಕಿಸುವ ಅಧಿಕಾರ ಯಾರು ಕೊಟ್ಟರು ಅಂತ ಅವರ ಜನವೇ ಅವರನ್ನು ತರಾಟೆಗೆ ತೆಗೆದುಕೊಂಡರು. ಯುಂಬುಲುಲ್ ಕೋರ್ಟಿಗೆ ಹೋದರು. 1991ರಲ್ಲಿ ಸೋತರು. ಅವರೇ ಸಹಿ ಹಾಕಿದ ಕಾಗದ ಇತ್ತು, ಕಾನೂನಿಗೆ ಅಷ್ಟು ಸಾಕು. ಇಡೀ ಸಮುದಾಯಕ್ಕೆ ಸೇರಿದ ಇಂಥವನ್ನು ಕಾಯುವುದಕ್ಕೆ ನಮ್ಮ ಕಾಪಿರೈಟ್ ಕಾನೂನು ಸಾಲದಿರಬಹುದು ಅಂತ ಜಡ್ಜ್ ಕೂಡ ತೀರ್ಪಿನಲ್ಲಿ ಹೇಳಿದರು.

ನೋಟಿಗೆ ಅನ್ವಯಿಸುವ ಮಾತು ಚಿತ್ರಪುಸ್ತಕಕ್ಕೆ ಅನ್ವಯಿಸುವುದಿಲ್ಲವೇ? ಅಲ್ಲಿನ ಎಷ್ಟೋ ಪುಸ್ತಕಗಳ ಮೊದಲ ಪುಟಗಳಲ್ಲೇ ಒಂದು ಎಚ್ಚರಿಕೆ ಇರುತ್ತದೆ, ಇದರಲ್ಲಿ ತೀರಿಹೋದವರ ಹೆಸರು, ಚಿತ್ರ ಇರಬಹುದು ಅಂತ. ಅಲ್ಲಿನ ಅನೇಕ ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಕೆಲವು ಕಾಲ ಬಾಯಲ್ಲಿ ಹೇಳುವಂತಿಲ್ಲ. ಮಧ್ಯ ಆಸ್ಟ್ರೇಲಿಯಾದ ವಾರ್ಲ್‌ಪಿರಿ ಜನರಲ್ಲಿ, ಸತ್ತವರದೇ ಹೆಸರು ಬದುಕಿರುವವರಿಗೂ ಇದ್ದರೆ ಅವರನ್ನು 'ಕುಮಾಂಜಾಯಿ' ಅಂತ ಕರೆಯುತ್ತಾರೆ. ಎಲ್ಲ ಕಡೆ ಒಂದೇ ಪದ್ಧತಿ ಅಂದುಕೊಳ್ಳಬೇಡಿ. ಬಿಳಿಯರು ಬರುವ ಹೊತ್ತಿಗೆ ಅಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. 'ಆದಿವಾಸಿಗಳ ನಂಬಿಕೆ' ಅಂತ ಎಲ್ಲವನ್ನೂ ಒಂದೇ ಗಂಟು ಕಟ್ಟುವ ಪುಸ್ತಕ ಕಂಡರೆ ನಾನು ಅಲ್ಲೇ ಕೆಳಗಿಡುತ್ತೇನೆ.

ನನ್ನ ತಕರಾರು ಇಷ್ಟೇ. ಸಾವಿನ ಬಗೆಗಿನ ನಂಬಿಕೆಯಲ್ಲಿ ಕಥೆ ಅರ್ಧ ಭಾಗ. ಯಾರು ಹೇಳಬಹುದು, ಯಾರು ನೋಡಬಾರದು, ಯಾವಾಗ ಸುಮ್ಮನಿರಬೇಕು ಅನ್ನುವುದು ಇನ್ನರ್ಧ. ಚಿತ್ರಪುಸ್ತಕದವರು ಮೊದಲರ್ಧ ಎತ್ತಿಕೊಂಡು ಬರುತ್ತಾರೆ.

ಇಷ್ಟು ದೂರ ಯಾಕೆ ಹೋದೆ ಅಂದರೆ, ನಮ್ಮ ತುಳುನಾಡಿನಲ್ಲೂ ಇದೇ ಸಮಸ್ಯೆ ಇದೆ. ನಮ್ಮ ಕಡೆ ಸತ್ತವರು ಕುಲೆಗಳಾಗಿ, ಅಂದರೆ ಪ್ರೇತಗಳಾಗಿ, ಮನೆಯ ಸುತ್ತಮುತ್ತಲೇ ಇರುತ್ತಾರೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಅವರಿಗೆ ಬಡಿಸುತ್ತೇವೆ. ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಬಿಡುವುದು. ಅವರು ಉಂಡಾದ ಮೇಲೆ ನಮ್ಮ ಊಟ. ಅಷ್ಟರಲ್ಲಿ ಮಕ್ಕಳ ಹೊಟ್ಟೆ ತಾಳ ಹಾಕುತ್ತಿರುತ್ತದೆ.

ಮಗುವಾಗಿದ್ದಾಗಲೇ ತೀರಿಕೊಂಡವರು ಕುಲೆಯಾದ ಮೇಲೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಆಗಬೇಕು. ಅದೇ ಪ್ರೇತ ಮದುವೆ. 2024ರಲ್ಲಿ ದಕ್ಷಿಣ ಕನ್ನಡದ ಒಂದು ಕುಟುಂಬ, 30 ವರ್ಷದ ಹಿಂದೆ ತೀರಿಹೋದ ಮಗಳಿಗೆ ಅದೇ ಥರ ತೀರಿಹೋದ ವರ ಬೇಕು ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದು ನೆನಪಿರಬಹುದು. ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ. ಹಸುಗೂಸನ್ನು ಕಳೆದುಕೊಂಡ ತಾಯಿಗೆ ಅದರ ವಯಸ್ಸಿನ ಲೆಕ್ಕ ತಪ್ಪುವುದಿಲ್ಲ. ಈಗ ಇಷ್ಟು ಎತ್ತರ ಆಗಿರುತ್ತಿದ್ದಳು, ಈಗ ಮದುವೆ ವಯಸ್ಸು. ಆ ಲೆಕ್ಕಕ್ಕೆ ಒಂದು ಮದುವೆಮನೆಯನ್ನೇ ಕಟ್ಟಿಕೊಟ್ಟ ಜನ ನಾವು. ಹೆಣ್ಣಿಗೆ ಧಾರೆ ಸೀರೆ ಬರುತ್ತದೆ. ಉಟ್ಟುಕೊಳ್ಳಲು ಅವಳಿಗೆ ಸಮಯ ಕೊಡುತ್ತಾರೆ. ಆಮೇಲೆ ಮೀನು, ಕೋಳಿ ಸುಕ್ಕ, ಗಡದ್ದು ಊಟ. ಎರಡು ಮನೆಯವರು ಅಂದಿನಿಂದ ನಿಜವಾದ ನೆಂಟರು. (ಇದಕ್ಕೆಲ್ಲ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುವುದಕ್ಕೆ ದುಡ್ಡು ಸುರಿಯುವ ವಿಚಾರದಲ್ಲಿ ನನಗೂ ಜಗಳ ಇದೆ. ಅದು ಬೇರೆ ಪೋಸ್ಟ್.)

ಈ ಮದುವೆಯನ್ನು ಮಕ್ಕಳೂ ಮದುವೆ ಆಗದವರೂ ನೋಡುವಂತಿಲ್ಲ. ಹಾಗಿದ್ದಾಗ ಅದನ್ನು ಐದು ವರ್ಷದ ಮಗುವಿನ ಪುಸ್ತಕದಲ್ಲಿ ಬಣ್ಣ ಬಣ್ಣವಾಗಿ ಬಿಡಿಸಬಹುದಾ?

ಬಿಡಿಸಬಾರದು ಅಂತಲೇ ನನ್ನ ಅಭಿಪ್ರಾಯ. ಆದರೂ ಪುಸ್ತಕ ಮಾಡಬಹುದು. ತಾನು ಹುಟ್ಟುವ ಮೊದಲೇ ತೀರಿಹೋದ ಅಣ್ಣನ ಮದುವೆಯ ದಿನ, ಹಿಂದಿನ ಜಗಲಿಯಲ್ಲಿ ಕೂತ ಒಬ್ಬ ಹುಡುಗಿಯ ಕಥೆ. ಅವಳಿಗೆ ಕೋಪ. ಒಳಗಿನಿಂದ ಸುಕ್ಕದ ವಾಸನೆ, ಬಳೆ ಸದ್ದು, ದೊಡ್ಡವರ ಗುಸುಗುಸು. "ಅತ್ತಿಗೆ ನೋಡೋಕೆ ಹೇಗಿದ್ದಾಳೆ?" ಅಂತ ಅಜ್ಜಿಯನ್ನು ಕೇಳುತ್ತಾಳೆ. ಅಜ್ಜಿ "ನೀನು ದೊಡ್ಡವಳಾಗು, ಹೇಳ್ತೇನೆ" ಅನ್ನುತ್ತಾರೆ. ಬಾಗಿಲು ಕೊನೆಯವರೆಗೂ ತೆರೆಯುವುದಿಲ್ಲ. ಓದುವ ಮಗುವಿಗೂ ತೆರೆಯಬಾರದು. ಗೊತ್ತಾಗದ ಒಂದು ಜಾಗ ಇದೆ ಅಂತ ಮಗುವಿಗೆ ಗೊತ್ತಾದರೆ ಏನೂ ನಷ್ಟ ಇಲ್ಲ.

ಮೂಢನಂಬಿಕೆ ಹರಡುತ್ತೀರಾ ಅಂತ ಕಮೆಂಟಿನಲ್ಲಿ ಯಾರಾದರೂ ಬಂದೇ ಬರುತ್ತಾರೆ. ಸತ್ತ ಅಜ್ಜ ನಕ್ಷತ್ರ ಆದರು ಅನ್ನುವುದು ವಿಜ್ಞಾನವೇನಲ್ಲ ಮಾರಾಯ್ರೆ. ಅದು ಯಾರ ಮನೆಯದೂ ಅಲ್ಲದ ನಂಬಿಕೆ, ಅದಕ್ಕೇ ಯಾರೂ ಕೇಳುವುದಿಲ್ಲ.

ಚಿತ್ರಪುಸ್ತಕ ಮಾಡುವ ಗೆಳೆಯರಿಗೆ ಒಂದು ಮಾತು. ಬರೆಯುವ ಮೊದಲು ಅಂಥ ಮನೆಗಳಿಗೆ ಹೋಗಿ, ಹಿರಿಯರ ಹತ್ತಿರ ಕೂತು ಕೇಳಿ. ಏನು ಬರೆಯಬಹುದು ಅಂತ ಮಾತ್ರ ಕೇಳಿದರೆ ಸಾಲದು, ಏನು ಬಿಡಿಸಬಾರದು ಅಂತಲೂ ಕೇಳಿ. ಹೇಳಿದವರ ಹೆಸರು ಮುಖಪುಟದಲ್ಲಿ ಹಾಕಿ, ರಾಯಲ್ಟಿಯಲ್ಲೂ ಪಾಲು ಕೊಡಿ. ಅವರು ಬೇಡವೇ ಬೇಡ ಅಂದರೆ ಸುಮ್ನೆ ಊಟ ಮಾಡಿಕೊಂಡು ಬನ್ನಿ.