ಗೇಟಿನ ಬಳಿ ಐದು ನಿಮಿಷ

ನಿನ್ನೆ ಭಾನುವಾರ, ಮಟಮಟ ಮಧ್ಯಾಹ್ನ, ವಿದ್ಯಾರಣ್ಯಪುರದಲ್ಲಿ ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಂದು ಗೇಟಿನ ಹೊರಗೆ ನಿಂತಿದ್ದೆ. ಎಷ್ಟು ಹೊತ್ತು ಅನ್ನುವ ವಿಷಯದಲ್ಲಿ ಮನೆಯಲ್ಲಿ ಜಗಳ ಇನ್ನೂ ಮುಗಿದಿಲ್ಲ. ನನ್ನ ಲೆಕ್ಕದಲ್ಲಿ ಮುಕ್ಕಾಲು ಗಂಟೆ. ಹೆಂಡತಿಯ ಲೆಕ್ಕದಲ್ಲಿ, "ಅಬ್ಬಬ್ಬಾ ಅಂದ್ರೆ ಐದು ನಿಮಿಷ ರೀ."

ಅದು ಅವಳ ಅಕ್ಕನ ಮನೆ. ಊಟ ಮುಗಿದಿತ್ತು, ಷಡ್ಡಕರು ಎರಡು ಸಲ ಆಕಳಿಸಿದ್ದರು. "ಸರಿ ಅಕ್ಕಾ, ಬರ್ತೀವಿ" ಅಂತ ಇವಳು ಎದ್ದಳು. ನಾನು ನಂಬಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಈ ಒಂದು ಮಾತನ್ನು ಪ್ರತಿ ಸಲ ನಂಬುತ್ತೇನೆ. ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು ಅಂತ ಕಲಿಸಿದ ಜನ ನಾವು. ಹೊರಡುವ ಮನಸ್ಸು ಭಾಷೆಗೇ ಇಲ್ಲ, ಇನ್ನು ಇವಳನ್ನು ಅಂದು ಏನು ಪ್ರಯೋಜನ?

ಎದ್ದ ಮೇಲೆ ಕುಂಕುಮ. ಕುಂಕುಮದ ಜೊತೆ ರವಿಕೆ ಕಣ. "ಇದೆಲ್ಲಾ ಯಾಕಕ್ಕಾ?" "ಸುಮ್ನೆ ತಗೋಳೇ." ಆಮೇಲೆ ಹಿತ್ತಲಿನ ಕರಿಬೇವು. ಆಮೇಲೆ ಹುಳಿಪುಡಿ, ಅದಕ್ಕೊಂದು ಸ್ಟೀಲ್ ಡಬ್ಬಿ, ಡಬ್ಬಿಗೆ ಸರಿಯಾಗಿ ಕೂರುವ ಮುಚ್ಚಳದ ಹುಡುಕಾಟ. ಕೊನೆಗೂ ಚಪ್ಪಲಿ ಸದ್ದು ಕೇಳಿತು. ನಾನು ಹೆಲ್ಮೆಟ್ ಹಾಕಿ ಸ್ಟ್ರಾಪ್ ಬಿಗಿದೆ. ತಪ್ಪಾಗಿದ್ದು ಅಲ್ಲೇ.

ಗೇಟಿಗೆ ಕೈ ಹಾಕಿದ ಅಕ್ಕ, "ಅಯ್ಯೋ, ಹೇಳೋದೇ ಮರ್ತಿದ್ದೆ ನೋಡು" ಅಂದರು. ಬೆಳಿಗ್ಗೆ ಹತ್ತರಿಂದ ಬಿಡುವಿಲ್ಲದೆ ಮಾತಾಡಿದವರು ಇವರು. ಆದರೂ ಮುಖ್ಯವಾದದ್ದೆಲ್ಲ ಗೇಟು ಮುಟ್ಟಿದ ಮೇಲೇ ನೆನಪಾಗುತ್ತದೆ. ಆ ಕಬ್ಬಿಣದಲ್ಲೇ ಏನೋ ಇರಬೇಕು.

ಹೆಲ್ಮೆಟ್ ತೆಗೆಯಬಹುದಿತ್ತಲ್ವಾ ಅಂತ ನೀವು ಕೇಳಬಹುದು. ತೆಗೆದರೆ ಸೋಲು ಒಪ್ಪಿಕೊಂಡ ಹಾಗೆ. ನಮ್ಮ ಯಜಮಾನರಿಗೂ ಅವಸರವಿಲ್ಲ ಅಂತ ಇನ್ನೊಂದು ಮದುವೆಯ ಸುದ್ದಿ ಶುರುವಾಗುತ್ತದೆ. ಹಾಗಾಗಿ ಹೆಲ್ಮೆಟ್ಟಿನೊಳಗೇ ಸಿಟ್ಟಿನ ಮುಖ ಮಾಡಿಕೊಂಡು ನಿಂತೆ. ಯಾರಿಗೂ ಕಾಣಿಸಲಿಲ್ಲ.

ಎದುರು ಮನೆಯ ಅಜ್ಜಿಗೆ ಮಾತ್ರ ನಾನು ಕಾಣಿಸಿದೆ. "ನಮ್ಮನೆ ಪಾರ್ಸಲ್ಲೇನಪ್ಪಾ?" ಅಂದರು. ಅಲ್ಲ ಅಂತ ತಲೆ ಆಡಿಸಿದೆ. ಹೆಲ್ಮೆಟ್ ಹಾಕಿಕೊಂಡು ತಲೆ ಆಡಿಸಿದರೆ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಅಜ್ಜಿ ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು, ಮೊಬೈಲ್ ಹಿಡಿದು ಬಂದರು. "ಓಟಿಪಿ ಇನ್ನೂ ಬಂದಿಲ್ಲಪ್ಪಾ." "ಅಜ್ಜೀ, ನಾನು ಪಾರ್ಸಲ್ ತಂದಿಲ್ಲ." "ತಂದಿಲ್ವಾ? ಮತ್ತೆ ಯಾಕಪ್ಪಾ ನಿಂತಿದ್ದೀಯ?" ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಜ್ಜಿ ಒಂದು ಚೊಂಬು ನೀರು ತಂದುಕೊಟ್ಟು, "ಪಾಪ, ಭಾನುವಾರಾನೂ ದುಡಿಸ್ತಾರೆ" ಅಂತ ಮರುಗಿದರು. ಅಷ್ಟು ಹೊತ್ತಿನಲ್ಲಿ ನನ್ನನ್ನು ಕೇಳಿದವರು ಅವರೊಬ್ಬರೇ.

ರಾತ್ರಿ ಷಡ್ಡಕರಿಗೆ ಫೋನ್ ಮಾಡಿ ಗೇಟಿನ ಸಿಸಿಟಿವಿ ನೋಡಿಸಿದೆ. ಇಪ್ಪತ್ತೆರಡು ನಿಮಿಷ. ಇಬ್ಬರೂ ಸೋತೆವು.

ಸುಮ್ಮನಿರಲಾಗದೆ ಓದುತ್ತಾ ಕೂತಾಗ ಹಡ್ಸನ್ ಹೋಗ್ಲಂಡ್ ಎಂಬ ಅಮೆರಿಕದ ವಿಜ್ಞಾನಿ ಸಿಕ್ಕಿದ. ಹೆಂಡತಿಗೆ ಜ್ವರ ಅಂತ ಈತ ಔಷಧಿ ತರಲು ಹೋಗಿದ್ದ. ಇಪ್ಪತ್ತೇ ನಿಮಿಷದಲ್ಲಿ ಬಂದರೂ, ಎಷ್ಟು ಹೊತ್ತು ಮಾಡಿದಿರಿ ಅಂತ ಆಕೆಯ ತಕರಾರು. ಬೇರೆ ಗಂಡನಾಗಿದ್ದರೆ ಕ್ಷಮೆ ಕೇಳುತ್ತಿದ್ದ. ಈತ ಸ್ಟಾಪ್‌ವಾಚ್ ತಂದು, ಸೆಕೆಂಡಿಗೆ ಒಂದರಂತೆ ಅರವತ್ತರವರೆಗೆ ಎಣಿಸು ಅಂದ. ಜ್ವರ ಏರಿದಷ್ಟೂ ಆಕೆಯ ಎಣಿಕೆಯ ವೇಗ ಹೆಚ್ಚುತ್ತಿತ್ತು. ಮೈ ಬಿಸಿಯಾದರೆ ಒಳಗಿನ ಗಡಿಯಾರ ಓಡುತ್ತದೆ, ಹೊರಗಿನ ಹೊತ್ತು ಸಾಗುವುದೇ ಇಲ್ಲ ಅನ್ನಿಸುತ್ತದೆ ಅಂತ 1933ರಲ್ಲಿ ಪ್ರಕಟಿಸಿದ. ನಮ್ಮನೆಯಲ್ಲಿ ಜ್ವರ ಬಂದವಳಿಗೆ ನಾನು ಹೀಗೆ ಲೆಕ್ಕ ಹಾಕಿಸಿದ್ದರೆ ಪ್ರಕಟವಾಗುತ್ತಿದ್ದುದು ಬೇರೆ.

ಇನ್ನೊಬ್ಬ ಫ್ರಾನ್ಸಿನ ಮಿಶೆಲ್ ಸಿಫ್ರ್. 1962ರಲ್ಲಿ ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯಲ್ಲಿದ್ದ. ಸೆಪ್ಟೆಂಬರ್ 14ಕ್ಕೆ ಮೇಲೆ ಬಂದಾಗ, ಇವತ್ತು ಆಗಸ್ಟ್ 20 ಅಂದುಕೊಂಡಿದ್ದ. ಅಕ್ಕತಂಗಿಯರು ಗೇಟಿನ ಬಳಿ ಇಳಿಯುವುದು ಆ ಗುಹೆಗೇ ಅಂತ ನನಗೆ ಖಾತ್ರಿಯಾಯಿತು.

ಬೆಳಿಗ್ಗೆ ಕಾಫಿ ಹೊತ್ತಿಗೆ ಹೆಂಡತಿಗೆ ಹೋಗ್ಲಂಡ್ ಕಥೆ ಹೇಳಿದೆ. ಬಿಸಿಲು, ಹೆಲ್ಮೆಟ್, ಕಾದ ತಲೆ, ಅದಕ್ಕೇ ಮುಕ್ಕಾಲು ಗಂಟೆ. ಪೂರ್ತಿ ಕೇಳಿಸಿಕೊಂಡಳು. "ಹಾಗಾದ್ರೆ ತಪ್ಪು ನಿಮ್ಮ ತಲೇದೇ ಅಂತಾಯ್ತು" ಅಂದಳು.

ಅವಳನ್ನೇ ಯಾಕೆ ಅನ್ನಲಿ. ಚಿಕ್ಕವನಿದ್ದಾಗ ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ, ಬಸ್ ಬರದೇ ಇರಲಿ ಅಂತ ದೇವರಿಗೆ ಬೇಡಿಕೊಂಡವನು ನಾನು. ಬೇಸಿಗೆ ರಜ ಮುಗಿದು ಅಜ್ಜಿ ಮನೆಯಿಂದ ಹೊರಡುವ ದಿನ. ಬೇರೆ ದಿನ ಎಷ್ಟೋ ತಡ ಮಾಡುವ ಬಸ್ಸು ಅವತ್ತು ಮಾತ್ರ ಸಮಯಕ್ಕೆ ಸರಿಯಾಗಿ ಬರುತ್ತಿತ್ತು. ಒಂದು ವರ್ಷ ಬಸ್ಸು ಕದಲಿದ ಮೇಲೆ ಅಜ್ಜಿ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ಓಡಿ ಬಂದು, "ಹೇಳೋದೇ ಮರ್ತಿದ್ದೆ ಮಗಾ" ಅಂದರು. ಕಂಡಕ್ಟರ್ "ರೈಟ್ ರೈಟ್" ಅಂದ. ಏನು ಹೇಳಬೇಕಿತ್ತೋ ಕೇಳಿಸಲಿಲ್ಲ. ಮುಂದಿನ ರಜಕ್ಕೆ ಕೇಳಲು ನನಗೂ ಮರೆತುಹೋಯಿತು.

ಇದನ್ನು ಬರೆಯುತ್ತಿರುವಾಗ ಅಡುಗೆಮನೆಯಿಂದ ಕೂಗು ಬಂತು. ಹುಳಿಪುಡಿ ಡಬ್ಬಿ ಕಾಣಿಸುತ್ತಿಲ್ಲವಂತೆ. ಅಕ್ಕನಿಗೆ ಫೋನ್ ಹೋಯಿತು. ಮಾತಿನ ಗಡಿಬಿಡಿಯಲ್ಲಿ ಡಬ್ಬಿ ಗೇಟಿನ ಕಂಬದ ಮೇಲೇ ಉಳಿದಿತ್ತಂತೆ.

"ಬರೋ ಭಾನುವಾರ ಹೋಗಿ ತಂದ್ಬಿಡೋಣ ರೀ" ಅಂದಳು. "ಒಳಗೂ ಹೋಗೋದು ಬೇಡ. ಗೇಟ್ ಹತ್ರಾನೇ ಇಸ್ಕೊಂಡು ಬಂದುಬಿಡೋಣ."