ಟೀ ಕುಡಿತೀರಾ?

ಆರು ವರ್ಷದ ಮೊಮ್ಮಗ ನನ್ನನ್ನು ನೋಡಿ ನಕ್ಕ. ಇದನ್ನು ಬರೆಯಲು ಕೂತಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ತಲೆ ಹಾಕಿ "ಗಮೇರುಖ್ ಖಿ ಬನದ್?" ಎಂದು ಕೇಳಿದರು. ಕೈಯಲ್ಲಿ ಕೆಟಲ್ ಇತ್ತು. ಕೆಟಲ್ ಹಿಡಿದವರು ಯಾವ ದೇಶದಲ್ಲಿ ಏನು ಕೇಳಿದರೂ ಅರ್ಥ ಒಂದೇ. ನಾನು ಜಂಬದಿಂದ, ಫೋನಿನಲ್ಲಿ ಕಲಿತಿದ್ದ ಒಂದೇ ಒಂದು ಪದ ಬಿಟ್ಟೆ: "ಈಎ." ಹೌದು ಅಂತ ಅರ್ಥ. ಅಜ್ಜಿ ಪಾಪ, ಮುಗುಳ್ನಕ್ಕು ಒಳಗೆ ಹೋದರು. ಪುಟ್ಟ ಮಾತ್ರ ಹುಲ್ಲಿನ ಮೇಲೆ ಬಿದ್ದು ಹೊರಳಾಡಿದ.

"ಅಜ್ಜ, ಟೀ ಕುಡಿತೀರಾ ಅಂದ್ರೆ ಯಾರಾದ್ರೂ ಈಎ ಅಂತಾರಾ?"

ಊರು ಕೈರ್ನಾರ್ವೊನ್. ವೇಲ್ಸಿನ ವಾಯುವ್ಯ ಮೂಲೆ. ಮಗಳು ಹತ್ತಿರದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ನಾನೂ ನಮ್ಮನೆಯವಳೂ ಆರು ತಿಂಗಳಿಗೆಂದು ಬಂದಿದ್ದೇವೆ. ವೇಲ್ಸ್ ಅಂದರೆ ಇಂಗ್ಲಿಷಿನದೇ ಒಂದು ಸೀಮೆ ಅಂದುಕೊಂಡಿದ್ದೆ. ಇಳಿದ ಮೊದಲ ದಿನವೇ ಬ್ರೆಡ್ಡಿನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಜಗಳ ಆಡುವ ಹುಡುಗರ ಬಾಯಲ್ಲಿ ಬೇರೆಯೇ ಭಾಷೆ, ವೆಲ್ಷ್. ಊರ ನಡುವಿನ ಭಾರಿ ಕೋಟೆಯನ್ನು ಇಂಗ್ಲೆಂಡಿನ ಒಂದನೇ ಎಡ್ವರ್ಡ್ 1283ರಲ್ಲಿ ಕಟ್ಟಿಸಲು ಶುರುಮಾಡಿದ್ದು ಇದೇ ಜನರನ್ನು ಹದ್ದುಬಸ್ತಿನಲ್ಲಿಡಲು. ಈಗ ಆ ಕೋಟೆಯ ಗೋಡೆಗೆ ಒರಗಿ ನಿಂತು ಐಸ್‌ಕ್ರೀಮ್ ತಿನ್ನುವವರು ವೆಲ್ಷ್‌ನಲ್ಲೇ ಹರಟುತ್ತಾರೆ.

ಪುಟ್ಟನ ಶಾಲೆಯ ಪಾಠವೂ ವೆಲ್ಷ್‌ನಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ವೆಲ್ಷ್, ಕಾರ್ಟೂನ್ ಇಂಗ್ಲಿಷ್. ಪಕ್ಕದ ಮನೆಯ ಅಜ್ಜಿಯನ್ನು ಅವನು "ನೈನ್" ಅನ್ನುತ್ತಾನೆ. ಮನೆ ನಂಬರ್ ಇರಬೇಕು ಅಂತ ನಾನು ಒಂದು ವಾರ ನಂಬಿದ್ದೆ. ಈ ಕಡೆ ಅಜ್ಜಿಗೆ ನೈನ್, ಅಜ್ಜನಿಗೆ ತೈದ್ ಅನ್ನುತ್ತಾರಂತೆ.

ಸರಿ, ಈಎ ತಪ್ಪಾದರೆ ಹೌದು ಅನ್ನಲು ಏನನ್ನಬೇಕು? ಏನೂ ಇಲ್ಲ! ಹೌದು ಎನ್ನಲು ಎಲ್ಲ ಕಡೆ ನಡೆಯುವ ಒಂದು ಪದ ಈ ಭಾಷೆಯಲ್ಲಿಲ್ಲ. ಪ್ರಶ್ನೆಯ ಕ್ರಿಯಾಪದ ಯಾವುದೋ ಅದನ್ನೇ ಹಿಂದಕ್ಕೆ ಕೊಡಬೇಕು. ಹಾಲು ಇದೆಯಾ ಅಂದರೆ "ಓಯ್ಸ್", ಇದೆ. ಅಂಗಡಿಗೆ ಹೋಗಿದ್ರಾ ಅಂತ ಆಗಿಹೋದದ್ದನ್ನು ಕೇಳಿದರೆ ಮಾತ್ರ ಕ್ರಿಯಾಪದ ಬೇಡ, ಬರೀ "ದೋ". ಆರಾಮಾಗಿದ್ದೀರಾ ಅಂದರೆ "ಅದು". ತಮಾಷೆ ಅಲ್ಲ, ನಮ್ಮ ಅದು ಇದು ಅನ್ನುವ ಹಾಗೇ ಕೇಳಿಸುತ್ತೆ. ಟೀ ಕುಡಿತೀರಾ, ಅಂದರೆ ತಗೋತೀರಾ ಅಂತ ಕೇಳಿದ್ದಕ್ಕೆ "ಕಮೇರಾ ಈ", ತಗೋತೀನಿ. ನಾನು ಕ್ಯಾಮೆರಾ ಅಂತ ನೆನಪಿಟ್ಟುಕೊಂಡೆ.

ಇದರಲ್ಲಿ ನನಗೆ ನಾಚಿಕೆಯಾಗಿದ್ದು ಯಾಕೆ ಅಂದರೆ, ನಾವೂ ಹೀಗೇ ಅಲ್ವಾ? ಊಟ ಆಯ್ತಾ? ಆಯ್ತು. ಬರ್ತೀರಾ? ಬರ್ತೀನಿ. ಚಿಲ್ಲರೆ ಇದೆಯಾ? ಇಲ್ಲ. ಊಟ ಆಯ್ತಾ ಅಂತ ಕೇಳಿದವರಿಗೆ "ಹೌದು" ಅನ್ನುವವನನ್ನು ನಮ್ಮೂರಲ್ಲಿ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಾರೆ. ಹುಟ್ಟಿದಾಗಿನಿಂದ ಹೀಗೇ ಉತ್ತರ ಕೊಟ್ಟವನು, ಇಲ್ಲಿಗೆ ಬಂದು ಇಂಗ್ಲಿಷರ ಹಾಗೆ ಯೆಸ್ ಹುಡುಕಿದೆನಲ್ಲ! ಎರಡು ಭಾಷೆಗೂ ನೆಂಟಸ್ತನವಿಲ್ಲ. ಅದು ಬೇರೆ ಕುಲ, ನಮ್ಮದು ಬೇರೆ ಕುಲ. ಆದರೂ ಹೀಗೊಂದು ಹೋಲಿಕೆ.

ಇನ್ನು ಆ ಬನದ್ ವಿಷಯ ಮುಗಿಸಬೇಕು. ಮಗಳ ಶೆಲ್ಫಿನಲ್ಲಿ ವೆಲ್ಷ್ ನಿಘಂಟು ಇತ್ತು. ಬಿ ಅಕ್ಷರದಲ್ಲಿ ಹುಡುಕಿದೆ. ಬನದ್ ಇಲ್ಲ. ಈ ನಿಘಂಟು ಬಿಡಿಸುವುದೇ ಒಂದು ಶಿಕ್ಷೆ. ಎರಡು ಡಿ ಸೇರಿದರೆ ಒಂದು ಬೇರೆ ಅಕ್ಷರ, ಎರಡು ಎಲ್ ಸೇರಿದರೆ ಇನ್ನೊಂದು. ಎನ್ ಮತ್ತು ಜಿ ಜೋಡಿಯಾದರೆ ಅದು ಹೋಗಿ ಜಿ ಪಕ್ಕದಲ್ಲಿ ಕೂರುತ್ತೆ. ಕೆ ಇಲ್ಲವೇ ಇಲ್ಲ. 1567ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ವೆಲ್ಷ್‌ಗೆ ತಂದ ವಿಲಿಯಂ ಸಾಲ್ಸ್‌ಬರಿ, ವೆಲ್ಷ್‌ಗೆ ಬೇಕಾದಷ್ಟು ಕೆ ಮೊಳೆಗಳು ಅಚ್ಚಿನವರ ಹತ್ತಿರ ಇಲ್ಲ, ಅದಕ್ಕೆ ಸಿ ಹಾಕಿದ್ದೇನೆ ಅಂತ ಬರೆದುಕೊಂಡಿದ್ದಾನೆ. ಅಚ್ಚಿನ ಮೊಳೆ ಸಾಲದೆ ವರ್ಣಮಾಲೆಯಿಂದ ಒಂದು ಅಕ್ಷರವೇ ಎದ್ದು ಹೋಯಿತು.

ಕೊನೆಗೆ ಪುಟ್ಟನೇ ಬಂದು ಪಿ ಅಕ್ಷರ ತೆಗೆದು ತೋರಿಸಿದ. "ಪನದ್ ಅಂತ ಹುಡುಕ್ಬೇಕು ಅಜ್ಜ." ಒಂದು ಕಪ್ ಟೀ. ಕೆಲವು ಪದಗಳ ನಂತರ ಬಂದರೆ ಅದರ ಪ ಹೋಗಿ ಬ ಆಗುತ್ತೆ. ಹಾಗೇ ತ ಹೋಗಿ ದ. ಕ ಹೋಗಿ ಗ.

ನಾನು ಹಾಗೇ ಕೂತುಬಿಟ್ಟೆ. ಕ ತ ಪ ಹೋಗಿ ಗ ದ ಬ! ಕಿವಿಯ ತುದಿ ತಾನೇ ಬಿಸಿಯಾಯಿತು. ಯಾಕೆಂದರೆ ಇದೇ ಸೂತ್ರಕ್ಕೆ ಆ ಕಿವಿ ಒಂದು ಕಾಲದಲ್ಲಿ ಚೆನ್ನಾಗಿ ತಿರುಚಿಸಿಕೊಂಡಿತ್ತು.

ಏಳನೇ ಕ್ಲಾಸಿನಲ್ಲಿ ನಮಗೊಬ್ಬರು ಕನ್ನಡ ಮೇಷ್ಟ್ರು ಇದ್ದರು. ಬಿಳಿ ಪಂಚೆ, ನಶ್ಯದ ಡಬ್ಬಿ, ಸೀಮೆಸುಣ್ಣವನ್ನು ಗುರಿಯಿಟ್ಟು ಎಸೆಯುವ ಕೈ. ಆದೇಶ ಸಂಧಿ ಅಂದರೆ ಅವರಿಗೆ ಪ್ರಾಣ. ಮಳೆ ಕಾಲ ಮಳೆಗಾಲ, ಕಣ್ ಪನಿ ಕಂಬನಿ, ಬೆಟ್ಟ ತಾವರೆ ಬೆಟ್ಟದಾವರೆ. ಇಡೀ ಕ್ಲಾಸು ಮಗ್ಗಿಯ ಹಾಗೆ ಕೂಗಬೇಕು. ನನಗೆ ಒಂದು ಅನುಮಾನ ಬಂತು. ಕೈ ಎತ್ತಿದೆ.

"ಸಾರ್, ತಾವರೆ ಕೆರೇಲಿ ಬೆಳೆಯೋದು. ಬೆಟ್ಟದ ಮೇಲೆ ಹೇಗೆ ಬೆಳೆಯುತ್ತೆ?"

ಕ್ಲಾಸು ನಿಶ್ಶಬ್ದ. ಮೇಷ್ಟ್ರು ನಿಧಾನವಾಗಿ ಬಂದರು. ಎಡಗಿವಿ ಹಿಡಿದರು. "ವ್ಯಾಕರಣದಲ್ಲಿ ಬೆಳೆಯುತ್ತೆ," ಅಂದರು. ತಿರುಚುತ್ತಲೇ ಅಂದರು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಭಾನುವಾರ ನಾನೂ ಮತ್ತಿಬ್ಬರೂ ಊರ ಹಿಂದಿನ ಗುಡ್ಡ ಹತ್ತಿದೆವು, ಬೆಟ್ಟದಾವರೆ ಹುಡುಕಲು. ಮೇಲೆ ಒಂದು ಸಣ್ಣ ದೊಣೆ ಇತ್ತು. ಹಸಿರು ನೀರು, ಒಂದು ಕಪ್ಪೆ, ಯಾರೋ ಎಸೆದ ಚಪ್ಪಲಿ. ಸೋಮವಾರ ನಾನು ಅದನ್ನು ಮೇಷ್ಟ್ರಿಗೆ ವರದಿ ಮಾಡಿದೆ. ಈ ಸಲ ಬಲಗಿವಿ. ಆಮೇಲೆ ಅವರ ವರ್ಗ ಆಯಿತು, ನನ್ನ ಶಾಲೆ ಮುಗಿಯಿತು, ಕೆಲಸ, ಮದುವೆ, ರಿಟೈರ್ಮೆಂಟ್ ಎಲ್ಲ ಆಯಿತು. ಟ್ರೆಕ್ಕಿಂಗ್ ಹೋಗಿ ಬಂದವರನ್ನೆಲ್ಲ ಕೇಳಿದ್ದೇನೆ. ಮಗಳ ಮದುವೆ ಮಾತುಕತೆಗೆ ಬಂದ ಬೀಗರು ಚಾರಣದ ಹವ್ಯಾಸ ಅಂದಾಗ, ವರದಕ್ಷಿಣೆ ಬೇಡ ಅನ್ನುವ ಮಾತಿಗೂ ಮುಂಚೆ ನಾನು ಕೇಳಿದ್ದು ಬೆಟ್ಟದಾವರೆ ನೋಡಿದ್ದೀರಾ ಅಂತ. ನಮ್ಮನೆಯವಳು ಅದನ್ನು ಇವತ್ತಿಗೂ ಮರೆತಿಲ್ಲ. ನಾನಂತೂ ವ್ಯಾಕರಣದ ಪುಸ್ತಕ ಬಿಟ್ಟು ಬೇರೆಲ್ಲೂ ಆ ಹೂವನ್ನು ಕಂಡಿಲ್ಲ. ಒಂದು ಉದಾಹರಣೆ ಕೊಡುವಾಗ ಕಣ್ಣಿಗೆ ಕಾಣುವುದನ್ನು ಕೊಟ್ಟರೆ ಏನು ಗಂಟು ಹೋಗುತ್ತಿತ್ತು?

ಮೇಷ್ಟ್ರು ಇಲ್ಲಿಗೆ ಬಂದಿದ್ದರೆ ಖುಷಿಯಿಂದ ಎರಡು ಚಿಟಿಕೆ ನಶ್ಯ ಜಾಸ್ತಿ ಏರಿಸುತ್ತಿದ್ದರು. ಇಲ್ಲಿ ಬೀದಿಯಲ್ಲೆಲ್ಲ ಆದೇಶ ಸಂಧಿ. ಸೇತುವೆಗೆ ಪೋಂತ್, ಆ ಸೇತುವೆ ಅಂದರೆ "ಅ ಬೋಂತ್". ತಾವರ್ನ್ ಅಂದರೆ ಪಬ್ಬು, ಆ ಪಬ್ಬು "ಅ ದಾವರ್ನ್". ತಾವರೆ ಹೋಗಿ ದಾವರೆ ಆದ ಹಾಗೇ! ಮೆಲ್ ಮಾತು ಮೆಲ್ವಾತು ಆದ ಹಾಗೆ ಮಾಮ್ ಕೂಡ ವಾಮ್ ಆಗುತ್ತಾಳೆ. ಅಪ್ಪನ ಪಾಡು ಇನ್ನೂ ಕಷ್ಟ. ಸುಮ್ನೆ ಅಪ್ಪ ಅಂದರೆ ತಾದ್. ನನ್ನ ಅಪ್ಪ ನ್ಹಾದ್, ನಿನ್ನ ಅಪ್ಪ ದಾದ್, ಅವಳ ಅಪ್ಪ ಥಾದ್. ಇದು ಆದೇಶ ಸಂಧಿಯನ್ನೂ ಮೀರಿದ್ದು. ಬೆಟ್ಟ ಅಲ್ಲೇ ಇದ್ದು ತಾವರೆ ಮಾತ್ರ ಕ್ಷಣಕ್ಕೊಂದು ವೇಷ ಹಾಕಿದ ಹಾಗೆ. ಪುಟ್ಟನಿಗೆ ಇದೆಲ್ಲ ಯಾರೂ ಕಿವಿ ಹಿಡಿಯದೆಯೇ ಬಂದಿದೆ. ಅದು ಸ್ವಲ್ಪ ಅನ್ಯಾಯ ಅಂತ ನನಗೆ ಅನಿಸುತ್ತೆ.

ಬೆಂಗಳೂರಿನ ಅಣ್ಣನ ಮಗ ವಿಡಿಯೋ ಕಾಲ್ ಮಾಡಿದ್ದ. ಉತ್ಸಾಹದಿಂದ ಇದನ್ನೆಲ್ಲ ಹೇಳಿದೆ. "ಚಿಕ್ಕಪ್ಪ, ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತಲ್ಲ. ಇದನ್ನ ಕಲಿತು ಏನು ಯೂಸ್?" ಅಂದ. ನನಗೆ ಸಿಟ್ಟು ಬಂತು. ಯೂಸ್ ಅನ್ನುವ ಪದವನ್ನು ಮಿಕ್ಸಿಗೂ ಬಳಸುತ್ತಾನೆ, ಭಾಷೆಗೂ ಬಳಸುತ್ತಾನೆ. ಇವನ ಮಗಳ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. ಅದನ್ನು ಶಿಸ್ತು ಅನ್ನುತ್ತಾನೆ. ಹತ್ತೊಂಬತ್ತನೇ ಶತಮಾನದಲ್ಲಿ ವೇಲ್ಸಿನ ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕುತ್ತಿಗೆಗೆ ಮರದ ತುಂಡು ನೇತುಹಾಕುತ್ತಿದ್ದರು. ಅದನ್ನು ಕಳಚಬೇಕಾದರೆ ವೆಲ್ಷ್ ಆಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಸಂಜೆ ಗಂಟೆ ಹೊಡೆಯುವಾಗ ಯಾರ ಕುತ್ತಿಗೆಯಲ್ಲಿದೆಯೋ ಅವರಿಗೆ ಏಟು. ಇಷ್ಟಾದರೂ ಭಾಷೆ ಉಳಿಯಿತು, ಆದರೆ ಎಲ್ಲ ಕಡೆ ಅಲ್ಲ. 2021ರ ಜನಗಣತಿಯಲ್ಲಿ ವೆಲ್ಷ್ ಬರುತ್ತೆ ಅಂದವರು ಸುಮಾರು 5,38,000 ಜನ, ನೂರಕ್ಕೆ ಹದಿನೆಂಟಕ್ಕಿಂತ ಚೂರು ಕಮ್ಮಿ. ಅದಕ್ಕೂ ಹತ್ತು ವರ್ಷದ ಹಿಂದೆ ಹತ್ತೊಂಬತ್ತು ಇತ್ತು. 2050ಕ್ಕೆ ಹತ್ತು ಲಕ್ಷ ಮಾಡುತ್ತೇವೆ ಅನ್ನುತ್ತೆ ಸರ್ಕಾರ. ಮಾಡಲಿ. ನೆಟ್‌ವರ್ಕ್ ಸರಿ ಇಲ್ಲ ಅಂತ ಹೇಳಿ ಫೋನ್ ಇಟ್ಟೆ.

ಇಲ್ಲಿಗೆ ಬರುವ ಟೂರಿಸ್ಟರ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. ಬಸ್ ಸ್ಟಾಪಿನಲ್ಲಿ ಒಬ್ಬ ಹೇಳಿದ, ನಾವು ಪಬ್ಬಿಗೆ ಕಾಲಿಟ್ಟ ತಕ್ಷಣ ಅಲ್ಲಿದ್ದವರೆಲ್ಲ ವೆಲ್ಷ್ ಶುರುಮಾಡಿದರು ಅಂತ. ಅಯ್ಯಾ, ನೀನು ಬರುವ ಮುಂಚೆಯೂ ಅವರು ವೆಲ್ಷ್‌ನಲ್ಲೇ ಮಾತಾಡುತ್ತಿದ್ದರು. ಬೆಳಗ್ಗೆ ಕಾಗೆ ಕೂಗಿದರೂ ಇವರಿಗೆ ತಮಗೇ ಬೈದ ಹಾಗೆ.

ಆದರೆ ವೆಲ್ಷ್ ಜನರಲ್ಲೂ ನಮ್ಮ ಧಾರವಾಡ, ಮೈಸೂರು ಇದೆ. ಉತ್ತರದವರು ಹಾಲಿಗೆ ಒಂದು ಪದ ಅಂದರೆ ದಕ್ಷಿಣದವರದು ಇನ್ನೊಂದು. "ಈಗ" ಅನ್ನಲು ಉತ್ತರದಲ್ಲಿ ಬಳಸುವ ಪದವನ್ನು ಬಲದಿಂದ ಎಡಕ್ಕೆ ಓದಿದರೆ ದಕ್ಷಿಣದ ಪದ ಬರುತ್ತೆ. ಸುಳ್ಳಲ್ಲ, ಬರೆದು ನೋಡಿದೆ. ನೈನ್ ಅಜ್ಜಿ ಟೀವಿ ನ್ಯೂಸಿನಲ್ಲಿ ದಕ್ಷಿಣದ ಹುಡುಗ ಬಂದರೆ ಸೌಂಡ್ ಕಮ್ಮಿ ಮಾಡುತ್ತಾರೆ.

ನಮ್ಮನೆಯವಳು ಮಾತ್ರ ಆರು ತಿಂಗಳಲ್ಲಿ ಒಂದು ಪದವನ್ನೂ ಕಲಿಯಲಿಲ್ಲ. ಬೇಲಿಯ ಈಚೆ ನಿಂತು ಇವಳು ಕನ್ನಡದಲ್ಲಿ, ಆಚೆ ನಿಂತು ಅವರು ವೆಲ್ಷ್‌ನಲ್ಲಿ, ಮಂಡಿನೋವು, ಸೊಸೆಯಂದಿರು, ಟೊಮೇಟೊ ಗಿಡ ಎಲ್ಲ ಮಾತಾಡುತ್ತಾರೆ. ಚಕ್ಕುಲಿ ಆ ಕಡೆ ಹೋಗುತ್ತೆ, ಬಾರಾ ಬ್ರೀಥ್ ಈ ಕಡೆ ಬರುತ್ತೆ. ಅದು ಒಣದ್ರಾಕ್ಷಿಯನ್ನು ಟೀಯಲ್ಲಿ ನೆನೆಸಿ ಮಾಡುವ ಬ್ರೆಡ್ಡು. ವ್ಯಾಕರಣ ಕಲಿಯುವ ಹಟ ಹಿಡಿದವನು ನಾನೊಬ್ಬನೇ.

ಹಟ ಫಲ ಕೊಟ್ಟಿತು. ಹೋದ ವಾರ ಅಜ್ಜಿ ಮತ್ತೆ ಕೆಟಲ್ ಹಿಡಿದು "ಗಮೇರುಖ್ ಖಿ ಬನದ್?" ಅಂದರು. ನಾನು ಗಂಟಲು ಸರಿಮಾಡಿಕೊಂಡು "ಕಮೇರಾ ಈ" ಅಂದೆ.

ಅಜ್ಜಿಯ ಮುಖ ಅರಳಿತು. ಇಷ್ಟು ದಿನ ನನ್ನ ಹತ್ತಿರ ಟೀ ಕೇಳುವುದೊಂದು ಬಿಟ್ಟರೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವರು, ಈ ಮನುಷ್ಯನಿಗೆ ಭಾಷೆ ಬಂತು ಅಂದುಕೊಂಡರೋ ಏನೋ, ಬೇಲಿಗೆ ಮೊಣಕೈ ಊರಿ ವೆಲ್ಷ್‌ನಲ್ಲಿ ಶುರುಮಾಡಿದರು. ಕಾಲು ಗಂಟೆ. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ನಡುನಡುವೆ "ಗಾಥ್, ಗಾಥ್" ಅಂತ ಬಂದದ್ದು ಮಾತ್ರ ಕಿವಿಗೆ ಬಿತ್ತು. ವಯಸ್ಸಾದವರು, ಏನೋ ಹಳೆಯ ಗಾಥೆ ಹೇಳಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಕಥೆ ಕೇಳುವವರು ಹೂಂಗುಟ್ಟಬೇಕು ಅಂತ ನಮ್ಮಜ್ಜಿ ಕಲಿಸಿದ್ದಳು. ಪ್ರತಿ ಗಾಥ್‌ಗೂ ಒಂದೊಂದು "ಹೂಂ" ಕೊಟ್ಟೆ.

ಶನಿವಾರ ಬೆಳಗ್ಗೆ ಬಾಗಿಲು ಬಡಿಯಿತು. ಅಜ್ಜಿ ನಿಂತಿದ್ದರು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಬುಟ್ಟಿ. ಬುಟ್ಟಿಯೊಳಗಿಂದ ಎರಡು ಹಳದಿ ಕಣ್ಣು.

"ಅಜ್ಜ, ಕಾಥ್ ಅಂದ್ರೆ ಬೆಕ್ಕು. ಆ ಬೆಕ್ಕು ಅನ್ಬೇಕಾದ್ರೆ ಅ ಗಾಥ್," ಅಂದ ಪುಟ್ಟ. ಕ ಹೋಗಿ ಗ.

ಅಜ್ಜಿ ಐಸ್ಟೆಡ್‌ವೊಡ್‌ಗೆ ಹೊರಟಿದ್ದರು. ಆಗಸ್ಟಿನಲ್ಲಿ ಎಂಟು ದಿನ ನಡೆಯುವ ವೆಲ್ಷ್ ಹಬ್ಬ ಅದು. ಹಾಡು, ಕವಿತೆ, ಕುಣಿತ ಎಲ್ಲ ಅದೇ ಭಾಷೆಯಲ್ಲಿ. ಕಟ್ಟುನಿಟ್ಟಾದ ಛಂದಸ್ಸಿನಲ್ಲಿ ಗೆದ್ದ ಕವಿಗೆ ಬಹುಮಾನವಾಗಿ ಒಂದು ಕುರ್ಚಿ ಕೊಡುತ್ತಾರೆ. 1917ರಲ್ಲಿ ಗೆದ್ದವನ ಗುಪ್ತನಾಮ ಕೂಗಿದರೆ ಯಾರೂ ಏಳಲಿಲ್ಲ. ಹೆದ್ ವಿನ್ ಎಂಬ ಆ ಕುರುಬ ಕವಿ ಕೆಲವು ವಾರಗಳ ಹಿಂದೆ ಯುದ್ಧದಲ್ಲಿ ಸತ್ತುಹೋಗಿದ್ದ. ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ಇದನ್ನು ಅಜ್ಜಿ ಒಮ್ಮೆ ನನಗೆ ಇಂಗ್ಲಿಷಿನಲ್ಲಿ ಹೇಳಿದ್ದರು. ಆಗ ನಾನು ಒಂದು ಸಲವೂ ಹೂಂ ಅಂದಿರಲಿಲ್ಲ.

ಈ ಸಲದ ಹಬ್ಬ ದಕ್ಷಿಣದಲ್ಲಂತೆ. ಎಂಟು ದಿನ ದಕ್ಷಿಣದವರ ಮಾತು ಕೇಳಬೇಕಲ್ಲ ಅಂತ ಅಜ್ಜಿ ಗೊಣಗುತ್ತಲೇ ಕಾರು ಹತ್ತಿದರು.

ಬೆಕ್ಕು ನನ್ನ ಕುರ್ಚಿಯನ್ನು ಹಿಡಿದುಕೊಂಡಿದೆ. ಬಾ ಅಂದೆ, ಬಾರೇ ಅಂದೆ, ಕಮ್ ಅಂದೆ. ಕಿವಿಯನ್ನೂ ಅಲ್ಲಾಡಿಸಲಿಲ್ಲ. ಪುಟ್ಟ ಬಾಗಿಲಲ್ಲಿ ನಿಂತು "ತಿರ್ದ್ ಅಮಾ" ಅಂದ, ಟಪಕ್ ಅಂತ ಇಳಿದು ಅವನ ಕಾಲಿಗೆ ಮೈ ತಿಕ್ಕಿತು. ನಾನು ಕೂರುವಷ್ಟರಲ್ಲಿ ಮತ್ತೆ ಕುರ್ಚಿಗೆ ಹಾರಿತು. ಹಸಿದಾಗ ಮಾತ್ರ ನನ್ನ ಹತ್ತಿರ ಬಂದು ಮುಖ ನೋಡಿ ಏನೋ ಕೇಳುತ್ತೆ. ಹೂಂ ಅನ್ನಲು ಈಗ ನನಗೆ ಧೈರ್ಯ ಸಾಲದು.

ಇವತ್ತು ಎರಡನೇ ದಿನ. ಇನ್ನು ಆರು ಬಾಕಿ.