ಸ್ಪಷ್ಟನೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಪ್‌ಗ್ರೇಡ್ ಫೇಲ್ ಆದರೆ ಪಿಜಿ_ವಾಲ್ ಫೋಲ್ಡರ್ ಅಳಿಸಬೇಡಿ

"ಪೋಸ್ಟ್‌ಗ್ರೆಸ್ ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಪಿಜಿ_ವಾಲ್ ಸಮೇತ ಉಳಿದ ಲಾಗ್‌ಗಳನ್ನೆಲ್ಲ ಅಳಿಸಿ, ಮತ್ತೆ ರನ್ ಮಾಡಿ" ಎಂಬ ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಪಿಜಿ_ವಾಲ್‌ನಲ್ಲಿರುವುದು ನಾವು ಓದುವ ಲಾಗ್ ಅಲ್ಲ. ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆ ಅದು. ಕ್ರ್ಯಾಶ್ ಆದ ಮೇಲೆ ಸರ್ವರ್ ಚೇತರಿಸಿಕೊಳ್ಳುವುದೇ ಅದರಿಂದ. ಅಳಿಸಿದರೆ ಡೇಟಾ ಕಳೆದುಹೋಗಬಹುದು. ಮೊದಲು ಇದರ ಹೆಸರು ಪಿಜಿ_ಎಕ್ಸ್‌ಲಾಗ್. ಬೇಡದ ಲಾಗ್ ಅಂದುಕೊಂಡು ಜನ ಅಳಿಸಿ ಡೇಟಾ ಕಳೆದುಕೊಳ್ಳುತ್ತಿದ್ದರು. ಅದಕ್ಕೇ 2017ರ 10ನೇ ಆವೃತ್ತಿಯಲ್ಲಿ ಹೆಸರು ಬದಲಾಯಿಸಿದರು. ಆ ಆವೃತ್ತಿಯ ಬಿಡುಗಡೆ ಟಿಪ್ಪಣಿಯಲ್ಲೇ ಈ ಕಾರಣ ಇದೆ.

ಅಪ್‌ಗ್ರೇಡ್‌ನ ಲಾಗ್‌ಗಳೇ ಬೇರೆ. 15ನೇ ಆವೃತ್ತಿಯಿಂದ ಅವು ಹೊಸ ಡೇಟಾ ಫೋಲ್ಡರ್ ಒಳಗೆ, ಪಿಜಿ_ಅಪ್‌ಗ್ರೇಡ್_ಔಟ್‌ಪುಟ್.ಡಿ ಎಂಬಲ್ಲಿರುತ್ತವೆ. ಪ್ರತಿ ಸಲಕ್ಕೂ ಬೇರೆ ಫೋಲ್ಡರ್, ಹಾಗಾಗಿ ಹಳೆಯವು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅರ್ಧಂಬರ್ಧ ತುಂಬಿದ ಹೊಸ ಕ್ಲಸ್ಟರ್, ಅಂದರೆ ಆ ಹೊಸ ಡೇಟಾ ಫೋಲ್ಡರ್. ಮೊದಲು ಲಾಗ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ ಓದಿ. ಸುಮ್ನೆ ಫೋಲ್ಡರ್ ತೆಗೆದುಬಿಟ್ಟರೆ ಫೇಲ್ ಆದ ಕಾರಣವೂ ಹೋಗುತ್ತೆ, ಅಲ್ವಾ? ಆಮೇಲೆ ಹೊಸ ಕ್ಲಸ್ಟರ್ ಅಳಿಸಿ, ಇನಿಟ್‌ಡಿಬಿಯಿಂದ (ಖಾಲಿ ಕ್ಲಸ್ಟರ್ ಮಾಡಿಕೊಡುವ ಕಮಾಂಡ್) ಮತ್ತೆ ಶುರು ಮಾಡಿ. ಲಿಂಕ್ ಮೋಡ್‌ನಲ್ಲಿ (ಕಾಪಿ ಮಾಡದೆ ಹಳೆಯ ಫೈಲ್‌ಗಳನ್ನೇ ಹೊಸದೂ ಬಳಸುವ ವಿಧಾನ) ಹೊಸ ಸರ್ವರ್ ಒಮ್ಮೆ ಶುರುವಾಗಿದ್ದರೆ ಮಾತ್ರ ಹಳೆಯ ಕ್ಲಸ್ಟರನ್ನು ನಂಬಬೇಡಿ, ಬ್ಯಾಕಪ್‌ನಿಂದ ತನ್ನಿ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೇ ಇದನ್ನೂ ಹಾಕಿ.